ಕೈಬಿಟ್ಟರೆ ವಾಪಸ್ ಬರುವ ಪಟ್ಟಿ: ಫೈಬರ್ ಕೇಬಲ್ ಸುತ್ತಿಡುವ ಬ್ರಾಕೆಟ್ಟಿನ ಒಂದು ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಪಟ್ಟಣದಲ್ಲಿ ನಡೆದ ಕೆಲಸ ಇದು. ಗೇಟು, ಕಿಟಕಿ ಗ್ರಿಲ್ಲು, ಅಡಿಕೆ ಶೆಡ್ಡಿನ ಟ್ರಸ್ ಮಾಡುವ ಒಂದು ಚಿಕ್ಕ ವರ್ಕ್‌ಶಾಪ್. ಮೂರು ಜನ ಕೆಲಸಗಾರರು. ಅದೇ ಊರಿನ ಕೇಬಲ್ ಆಪರೇಟರ್ ಒಬ್ಬರು ಬಂದು, ಕಂಬದ ಮೇಲೆ ಫೈಬರ್ ಕೇಬಲ್ ಸುತ್ತಿಡೋಕೆ 40 ಬ್ರಾಕೆಟ್ ಬೇಕು ಅಂದರು. ಡ್ರಾಯಿಂಗ್ ಮಾಡಿಕೊಟ್ಟಿದ್ದು ನಾನು. ಊರು, ಅಂಗಡಿ, ಜನ ಯಾರ ಹೆಸರನ್ನೂ ಇಲ್ಲಿ ಹೇಳುತ್ತಿಲ್ಲ. ಆದರೆ ಎಲ್ಲಿ ಎಡವಿದೆವು, ಎಲ್ಲಿ ದಾರಿ ಸಿಕ್ಕಿತು ಅನ್ನೋದನ್ನು ಮುಚ್ಚಿಡದೆ ಬರೆಯುತ್ತೇನೆ. ಇಂಥ ಕೆಲಸ ಈಗ ಪ್ರತಿ ಊರಿನ ವೆಲ್ಡಿಂಗ್ ಅಂಗಡಿಗೂ ಬರುತ್ತಿದೆ, ಯಾರಿಗಾದರೂ ಉಪಯೋಗ ಆಗಲಿ.

ಬ್ರಾಕೆಟ್ ಯಾಕೆ ಬೇಕಾಯ್ತು

ಎರಡು ಕೇಬಲ್ ಸೇರುವ ಕಂಬದಲ್ಲಿ ಒಂದು ಜಾಯಿಂಟ್ ಬಾಕ್ಸ್ ಇರುತ್ತದೆ. ಕಂಬದ ಮೇಲೆ ಕೂತು ಕೂದಲೆಳೆಯಂಥ ಗಾಜನ್ನು ಜೋಡಿಸೋಕೆ ಆಗಲ್ಲ. ಬಾಕ್ಸನ್ನು ನೆಲಕ್ಕಿಳಿಸಿ, ಟೇಬಲ್ ಹಾಕಿಕೊಂಡು ಸ್ಪ್ಲೈಸಿಂಗ್ ಮಾಡಬೇಕು. ಅದಕ್ಕಾಗಿ ಎರಡೂ ಕಡೆಯ ಕೇಬಲ್ಲನ್ನು ತಲಾ 8 ಮೀಟರಿನಷ್ಟು ಜಾಸ್ತಿ ಬಿಟ್ಟು, ಕೆಲಸ ಮುಗಿದ ಮೇಲೆ ಸುತ್ತಿ ಮೇಲಿಡುತ್ತಾರೆ. ಇಲ್ಲಿ ಆ 16 ಮೀಟರನ್ನು ಸುಮಾರು 8 ಇಂಚು ಅಗಲದ ಉಂಗುರ ಮಾಡಿ, ಬೈಂಡಿಂಗ್ ವೈರಿನಿಂದ ಕಂಬಕ್ಕೆ ಬಿಗಿದಿದ್ದರು.

ಮಳೆಗಾಲದಲ್ಲಿ ದೂರು ಶುರುವಾಯ್ತು. ದೂರಿನ ರೀತಿಯೇ ವಿಚಿತ್ರ. ಟಿವಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ, ಆದರೆ ಇಂಟರ್‌ನೆಟ್ ಚೆನ್ನಾಗಿದೆ. ಒಂದೇ ಎಳೆಯಲ್ಲಿ ಎರಡೂ ಬರೋವಾಗ ಇದು ಹೇಗೆ ಸಾಧ್ಯ ಅಂತ ಆಪರೇಟರ್ ತಲೆ ಕೆಡಿಸಿಕೊಂಡಿದ್ದರು. ವಿಷಯ ಇಷ್ಟು: ಇಂಥ ಜಾಲದಲ್ಲಿ ಇಂಟರ್‌ನೆಟ್ 1490 ಮತ್ತು 1310 ನ್ಯಾನೋಮೀಟರ್ ಬೆಳಕಿನಲ್ಲಿ ಓಡುತ್ತದೆ, ಟಿವಿ 1550ರಲ್ಲಿ. ತರಂಗ ಉದ್ದವಾದಷ್ಟೂ ಬೆಳಕು ಗಾಜಿನ ನಡುವಿನಲ್ಲಿ ಸಡಿಲವಾಗಿ ಹಿಡಿದುಕೊಂಡಿರುತ್ತದೆ. ಎಳೆ ಎಲ್ಲಾದರೂ ಚೂಪಾಗಿ ಬಗ್ಗಿದರೆ ಮೊದಲು ಹೊರಗೆ ಸೋರೋದು 1550. ಒಂದು ರಾತ್ರಿ ಸಿಗ್ನಲ್ ನಿಲ್ಲಿಸಿ ಒಟಿಡಿಆರ್ (ಎಳೆಯೊಳಗೆ ಬೆಳಕು ಬಿಟ್ಟು, ಎಲ್ಲಿ ಎಷ್ಟು ಕಳೆಯುತ್ತೆ ಅಂತ ಗೆರೆ ಎಳೆದು ತೋರಿಸುವ ಯಂತ್ರ) ಹಾಕಿದಾಗ ಅದೇ ಕಂಡಿತು. 1310ರಲ್ಲಿ ಗೆರೆ ಬಹುತೇಕ ನೇರ, 1550ರಲ್ಲಿ ಜಾಯಿಂಟ್ ಕಂಬಗಳ ಹತ್ತಿರ ಮೆಟ್ಟಿಲು. ಜೋಡಣೆ ಕೆಟ್ಟಿದ್ದರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಮೆಟ್ಟಿಲು ಬರಬೇಕಿತ್ತು. ಹಾಗಾಗಿ ಇದು ಬಾಗಿನದೇ ತೊಂದರೆ ಅಂತ ಖಾತ್ರಿಯಾಯ್ತು.

ಉಂಗುರ ಚಿಕ್ಕದಾಗಿದೆ, ದೊಡ್ಡದು ಮಾಡಿದರೆ ಸರಿಹೋಗುತ್ತೆ ಅಂತ ಎಲ್ಲರೂ ಅಂದರು. ಅರ್ಧ ನಿಜ. ಕೇಬಲ್ 12 ಎಂಎಂ ದಪ್ಪದ್ದು. ಎಳೆತ ಇಲ್ಲದೆ ಇಟ್ಟಾಗ ಕೇಬಲ್ ದಪ್ಪದ 10 ಪಟ್ಟು ತ್ರಿಜ್ಯ ಕೊಡಬೇಕು ಅನ್ನೋದು ವಾಡಿಕೆ, ಎಳೆಯುವಾಗ 20 ಪಟ್ಟು. ಅಂದರೆ ಇಲ್ಲಿ ಕನಿಷ್ಠ 120 ಎಂಎಂ ಬೇಕು, ಇದ್ದದ್ದು 100. ಆದರೆ ಒಳಗಿನ ಜಿ.652.ಡಿ ದರ್ಜೆಯ ಗಾಜಿನ ಎಳೆ ಅಷ್ಟು ಸುಲಭಕ್ಕೆ ಸೋಲೋದಲ್ಲ. 30 ಎಂಎಂ ತ್ರಿಜ್ಯದಲ್ಲಿ 100 ಸುತ್ತು ಸುತ್ತಿದರೂ 1625 ನ್ಯಾನೋಮೀಟರಿನಲ್ಲಿ 0.1 ಡೆಸಿಬೆಲ್‌ಗಿಂತ ಜಾಸ್ತಿ ಬೆಳಕು ಕಳೆಯಬಾರದು ಅನ್ನೋದು ಅದಕ್ಕಿರುವ ಮಾನದಂಡ. ನಾವು ಒಂದು ಉಂಗುರ ಬಿಚ್ಚಿ ನೋಡಿದಾಗ ಅಸಲಿ ಜಾಗ ಕಾಣಿಸಿತು. ಬೈಂಡಿಂಗ್ ವೈರ್ ಬಿಗಿದಲ್ಲೆಲ್ಲ ಕೇಬಲ್ಲಿನ ಕಪ್ಪು ಹೊದಿಕೆ ಒಳಗೆ ತಗ್ಗಿತ್ತು. ಬೆರಳಿಟ್ಟರೆ ಗುಳಿ ತಿಳಿಯುತ್ತಿತ್ತು. ಆ ಗುಳಿಯ ಕೆಳಗೆ ಎಳೆಗಳಿರುವ ಟ್ಯೂಬ್ ಮಡಚಿಕೊಂಡಿತ್ತು. ಒಟ್ಟು ಉಂಗುರ ಎಷ್ಟು ಗುಂಡಗಿದೆ ಅನ್ನೋದಕ್ಕಿಂತ, ಅದರಲ್ಲಿ ತೀರಾ ಚೂಪಾದ ಜಾಗ ಯಾವುದು ಅನ್ನೋದೇ ಕೇಬಲ್ಲಿಗೆ ಮುಖ್ಯ. ಇದನ್ನು ಆವತ್ತು ಕಣ್ಣಾರೆ ನೋಡಿದರೂ, ಮುಂದೆ ನಾನೇ ಎರಡು ಸಲ ಮರೆತೆ.

ಡ್ರಾಯಿಂಗ್

ವಿನ್ಯಾಸ ಸರಳ. ಕಂಬಕ್ಕೆ ಕ್ಲಾಂಪ್ ಆಗುವ ಪ್ಲಸ್ ಆಕಾರದ ಫ್ರೇಮ್. ನಾಲ್ಕು ತೋಳಿನ ತುದಿಗೂ ಒಂದೊಂದು ಬಾಗಿದ ಪಟ್ಟಿ. 50 ಎಂಎಂ ಅಗಲ, 3 ಎಂಎಂ ದಪ್ಪದ ಕಬ್ಬಿಣದ ಫ್ಲಾಟ್, 150 ತ್ರಿಜ್ಯ, ಉದ್ದ 157. ಅಂದರೆ ವೃತ್ತದ ಆರನೇ ಒಂದು ಭಾಗ. ಪಕ್ಕಕ್ಕೆ ಜಾರದ ಹಾಗೆ ಎರಡು ಚಿಕ್ಕ ಕಿವಿ. 50 ಅಗಲದಲ್ಲಿ ನಾಲ್ಕು ಸಾಲು ಕೇಬಲ್ ಕೂರುತ್ತೆ, ನಾಲ್ಕು ಪದರ ಸುತ್ತಿದರೆ 16 ಮೀಟರ್ ಹಿಡಿಯುತ್ತೆ. ತ್ರಿಜ್ಯದ ಪಕ್ಕದಲ್ಲಿ ನಾನು ±2 ಎಂಎಂ ಅಂತ ಬರೆದೆ. ಯಾಕೆ ಎರಡೇ ಅಂತ ಯೋಚಿಸಿರಲಿಲ್ಲ. ಅಭ್ಯಾಸದಿಂದ ಕೈ ಬರೆದುಬಿಟ್ಟಿತ್ತು. ಆ ಎರಡಕ್ಷರಕ್ಕೆ ಮುಂದೆ ಎಷ್ಟು ಬೆಲೆ ತೆರಬೇಕಾಯ್ತು ಅಂತ ಹೇಳುತ್ತೇನೆ.

ಮೊದಲ ಪ್ರಯತ್ನಗಳು

ಪಕ್ಕದ ದೊಡ್ಡ ಊರಿನಲ್ಲಿ ಪ್ರೆಸ್ ಬ್ರೇಕ್, ಅಂದರೆ ಪಟ್ಟಿಯನ್ನು ಒತ್ತಿ ಮಡಿಸುವ ಮೆಷಿನ್ ಇತ್ತು. ಅಲ್ಲಿ 25 ಎಂಎಂಗೆ ಒಂದರಂತೆ ಸಣ್ಣ ಸಣ್ಣ ಮಡಿಕೆ ಹೊಡೆಸಿ ಬಾಗು ತಂದೆವು. ದೂರದಿಂದ ನೋಡಿದರೆ ಗುಂಡಗಿತ್ತು. ಟೆಂಪ್ಲೇಟ್ ಇಟ್ಟರೂ 150ಕ್ಕೆ ಹತ್ತಿರ. ಮಾಲೀಕರಿಗೆ ಖುಷಿ.

ನನಗೆ ಯಾಕೋ ಸಮಾಧಾನ ಆಗಲಿಲ್ಲ. ನೀಲಿ ಚಾಕ್ ಪುಡಿಯನ್ನು ಪಟ್ಟಿಯ ಮೇಲೆ ಚೆನ್ನಾಗಿ ಉಜ್ಜಿ, ಕೇಬಲ್ ತುಂಡನ್ನು ಕೂರಿಸಿ, ಎರಡೂ ತುದಿ ಕೈಯಲ್ಲಿ ಎಳೆದು ಹಿಡಿದೆ. ಎತ್ತಿ ನೋಡಿದರೆ ಕೇಬಲ್ ಮೇಲೆ ನೀಲಿ ಬಣ್ಣ ಉದ್ದಕ್ಕೂ ಹತ್ತಿರಲಿಲ್ಲ. ಏಣಿ ಮೆಟ್ಟಿಲ ಹಾಗೆ ಅಡ್ಡ ಅಡ್ಡ ಗೆರೆ, 25 ಎಂಎಂಗೆ ಒಂದು. ಅಂದರೆ ಕೇಬಲ್ ಪಟ್ಟಿಯ ಮೇಲೆ ಕೂತಿರಲೇ ಇಲ್ಲ, ಒಂದು ಮಡಿಕೆಯ ಅಂಚಿನಿಂದ ಇನ್ನೊಂದರ ಅಂಚಿಗೆ ಸೇತುವೆ ಕಟ್ಟಿಕೊಂಡು ನಿಂತಿತ್ತು. ಲೆಕ್ಕಕ್ಕೆ 150, ಆದರೆ ಪ್ರತಿ ಮಡಿಕೆಯಲ್ಲೂ ಪಂಚ್ ಮೂತಿಯ ಕೆಲವೇ ಎಂಎಂ ತ್ರಿಜ್ಯ. ನಾಲ್ಕು ಪದರದ ಭಾರ ಹತ್ತಾರು ವರ್ಷ ಆ ಅಂಚಿನ ಮೇಲೆ ಕೂತರೆ ಬೈಂಡಿಂಗ್ ವೈರಿನ ಕಥೆಯೇ ಮತ್ತೆ. ಅವನ್ನು ಕೈಬಿಟ್ಟೆವು. ಈ ಚಾಕ್ ಪರೀಕ್ಷೆ ಮಾತ್ರ ಕೊನೆತನಕ ನಮ್ಮ ಜೊತೆಗಿತ್ತು. ಖರ್ಚಿಲ್ಲ, ಎರಡು ನಿಮಿಷದ ಕೆಲಸ.

ಆಮೇಲೆ ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಗ್ಗಿಸಿದರು. ಕಬ್ಬಿಣ ಕಾದಾಗ ಬಡಿ ಅನ್ನೋದು ಎಲ್ಲರ ಬಾಯಲ್ಲಿರುವ ಮಾತೇ. ಆದರೆ ಟಾರ್ಚ್ ಎಲ್ಲಿ ಜಾಸ್ತಿ ಹೊತ್ತು ನಿಂತಿತೋ ಅಲ್ಲಿ ಪಟ್ಟಿ ಜಾಸ್ತಿ ಬಗ್ಗಿತು, ಪಕ್ಕದಲ್ಲಿ ನೇರ ಉಳಿಯಿತು. 160 ತುಂಡನ್ನು ಹೀಗೆ ಮಾಡೋಕಾಗಲ್ಲ ಅಂತ ಒಂದೇ ದಿನಕ್ಕೆ ಬಿಟ್ಟೆವು.

ವಾಪಸ್ ಬರುವ ಲೆಕ್ಕ

ಮೂರನೆಯದಾಗಿ ತಣ್ಣಗೇ ಬಗ್ಗಿಸೋಣ ಅಂತಾಯ್ತು. 10 ಎಂಎಂ ಪ್ಲೇಟಿನ ಐದು ಬಿಲ್ಲೆ ಒಂದರ ಮೇಲೊಂದು ಬೆಸೆದು, ಲೇತಿನಲ್ಲಿ ಸರಿಯಾಗಿ 150 ತ್ರಿಜ್ಯಕ್ಕೆ ತಿರುಗಿಸಿ ಒಂದು ಅಚ್ಚು ಮಾಡಿದೆವು. ಪಟ್ಟಿಯ ಒಂದು ತುದಿ ಬಿಗಿದು, ಉದ್ದ ಹಿಡಿಕೆಯ ರೋಲರಿನಿಂದ ಅಚ್ಚಿನ ಸುತ್ತ ಎಳೆದರು. ಅಚ್ಚಿಗೆ ಪಟ್ಟಿ ಅಂಟಿದ ಹಾಗೆ ಕೂತಿತು. ಕ್ಲಾಂಪ್ ಬಿಟ್ಟ ಕೂಡಲೇ ಟಣ್ ಅಂತ ತೆರೆದುಕೊಂಡಿತು.

ಅಳೆದರೆ 184. ಹೀಗೆ ಅಳೆಯೋದು ಸುಲಭ: 200 ಎಂಎಂ ಉದ್ದದ ಸ್ಟೀಲ್ ಸ್ಕೇಲನ್ನು, 157ರ ತುಂಡು ಕತ್ತರಿಸುವ ಮುಂಚೆಯೇ, ಉದ್ದ ಪಟ್ಟಿಯ ಬಾಗಿನ ಒಳಗೆ ಎರಡೂ ತುದಿ ತಾಗುವ ಹಾಗೆ ಇಟ್ಟು, ನಡುವಿನ ಸಂದು ನೋಡಬೇಕು. 150 ತ್ರಿಜ್ಯಕ್ಕೆ ಸಂದು 38.2 ಬರಬೇಕು. ನಮಗೆ ಬಂದದ್ದು ಇಪ್ಪತ್ತೊಂಬತ್ತೂವರೆ.

ಗ್ರಿಲ್ ಮಾಡುವವರಿಗೆ ಈ ಸ್ಪ್ರಿಂಗ್ ಬ್ಯಾಕ್ ಗೊತ್ತಿಲ್ಲದ್ದಲ್ಲ, ಆದರೆ ಇಷ್ಟೊಂದು ಯಾರೂ ನೋಡಿರಲಿಲ್ಲ. ಕಾರಣ ಹೀಗೆ. ಪಟ್ಟಿ ಬಗ್ಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ಮಿತಿ ಮೀರಿದ ಪದರಗಳು ಬಹುಪಾಲು ಹಾಗೇ ನಿಲ್ಲುತ್ತವೆ, ಸ್ವಲ್ಪ ಮಾತ್ರ ವಾಪಸ್ ಬರುತ್ತವೆ. ನಡುವಿನ ಪದರಗಳು ಮಿತಿ ಮೀರಿರೋದಿಲ್ಲ, ಅವು ರಬ್ಬರಿನ ಹಾಗೆ ಮೊದಲಿನ ಜಾಗಕ್ಕೆ ಎಳೆಯುತ್ತವೆ. ಗ್ರಿಲ್ಲಿನ ಚಿಕ್ಕ ಸುರುಳಿಯಲ್ಲಿ ಬಾಗು ಎಷ್ಟು ಬಿಗಿ ಅಂದರೆ ಈ ಎಳೆತ ಕಣ್ಣಿಗೆ ಕಾಣಲ್ಲ. ತೆಳು ಪಟ್ಟಿಗೆ ದೊಡ್ಡ ತ್ರಿಜ್ಯ ಕೊಟ್ಟಾಗ ಮಾತ್ರ ಅದು ತನ್ನ ಜೋರು ತೋರಿಸುತ್ತದೆ.

ಮೂಲೆಯಲ್ಲಿ 10 ಇಂಚು ಪೈಪಿನ ತುಂಡು ಬಿದ್ದಿತ್ತು, ಹೊರ ತ್ರಿಜ್ಯ 136.5. ಅದರ ಸುತ್ತಲೂ ಒಂದು ಪಟ್ಟಿ ಬಗ್ಗಿಸಿ ನೋಡಿದೆವು. ವಾಪಸ್ ಬಂದು 165ಕ್ಕೆ ನಿಂತಿತು. ಈ ಎರಡು ಅಳತೆ ಸಿಕ್ಕ ಮೇಲೆ ದಾರಿ ಕಾಣಿಸಿತು. ತ್ರಿಜ್ಯವನ್ನೇ ನೋಡುತ್ತಾ ಕೂತರೆ ಲೆಕ್ಕ ಸಿಗೋದಿಲ್ಲ. 1000ವನ್ನು ತ್ರಿಜ್ಯದಿಂದ ಭಾಗಿಸಿ, ಬಂದದ್ದನ್ನು ಬಾಗು ಅಂತ ಕರೆಯೋಣ. 150ಕ್ಕೆ 6.67, ವಾಪಸ್ ಬಂದ 184ಕ್ಕೆ 5.43. ಕಳೆದದ್ದು 1.24. ಇನ್ನೊಂದರಲ್ಲಿ 136.5ಕ್ಕೆ 7.33, ವಾಪಸ್ ಬಂದ 165ಕ್ಕೆ 6.06. ಕಳೆದದ್ದು 1.27. ಅಚ್ಚು ಬೇರೆ ಬೇರೆ, ಆದರೆ ಪಟ್ಟಿ ವಾಪಸ್ ತಗೊಳ್ಳೋದು ಹೆಚ್ಚುಕಡಿಮೆ ಅಷ್ಟೇ! ಹಾಗಾದರೆ ನಮಗೆ ಬೇಕಾದ 6.67ಕ್ಕೆ 1.25 ಸೇರಿಸಿದರೆ 7.92. 1000ವನ್ನು ಅದರಿಂದ ಭಾಗಿಸಿದರೆ 126. ಅಚ್ಚನ್ನು ಲೇತಿಗೆ ಹಾಕಿ 126ಕ್ಕೆ ಇಳಿಸಿದೆವು. ಮೊದಲ ಪಟ್ಟಿಯ ಸಂದು 38. ಆ ಹೊತ್ತಿನ ಖುಷಿ ಹೇಳಿದರೆ ತಿಳಿಯೋದಲ್ಲ, ಕೆಲಸ ಮಾಡಿದವರಿಗೇ ಗೊತ್ತು. ಆ ಬಂಡಲ್ ಮುಗಿಯೋ ಹೊತ್ತಿಗೆ 25 ಬ್ರಾಕೆಟ್ಟಿಗೆ ಸಾಕಾಗುವಷ್ಟು ಪಟ್ಟಿ ತಯಾರಾಗಿತ್ತು.

ಮುಂದಿನ ಬಂಡಲ್ ಬಂತು. ಅದೇ 50 ಅಗಲ, ಅದೇ 3 ದಪ್ಪ, ಅದೇ ಅಚ್ಚು, ಅದೇ ಕೈ. ಅಳೆದು ನೋಡದೇ ಉಳಿದ 15 ಬ್ರಾಕೆಟ್ಟಿನ 60 ತುಂಡು ಮಾಡಿಬಿಟ್ಟಿದ್ದರು. ಆಮೇಲೆ ಅಳೆದರೆ ತ್ರಿಜ್ಯ 162. ನನ್ನ ±2 ಪ್ರಕಾರ 60 ತುಂಡೂ ರಿಜೆಕ್ಟ್.

ಅಂಗಡಿಯವರು ಕೊಡುವ ಇ250 ದರ್ಜೆ ಅಂದರೆ ಕಬ್ಬಿಣ ಮಣಿಯೋಕೆ ಶುರುವಾಗುವ ಬಲ ಕನಿಷ್ಠ 250 ಮೆಗಾಪಾಸ್ಕಲ್ ಇರಬೇಕು ಅಂತ. ಕನಿಷ್ಠ ಅಷ್ಟೇ. 350 ಇದ್ದರೂ ಅದು ಅದೇ ದರ್ಜೆಯ ಮಾಲೇ, ಗೇಟಿಗೆ ಒಳ್ಳೆಯದೇ. ಆದರೆ ವಾಪಸ್ ಬರುವ ಬಾಗು ಈ ಬಲಕ್ಕೆ ತಕ್ಕಂತೆ ಏರುತ್ತದೆ. 250ಕ್ಕೆ 1.25 ಇದ್ದದ್ದು 350ಕ್ಕೆ 1.75. ಲೆಕ್ಕ ಹಾಕಿದರೆ 162 ಸರಿಯಾಗಿಯೇ ಬರುತ್ತೆ. ಬಗ್ಗಿಸಿದವರದ್ದೇನೂ ತಪ್ಪಿರಲಿಲ್ಲ. ಬಂಡಲ್ ಬದಲಾದಾಗ ಒಂದು ತುಂಡು ಬಗ್ಗಿಸಿ ಅಳೆಯಿರಿ ಅಂತ ಡ್ರಾಯಿಂಗಿನಲ್ಲಿ ನಾನು ಬರೆಯಬೇಕಿತ್ತು.

ಒಂದು ಚಕ್ರಕ್ಕೆ ಒಂದೇ ಪಟ್ಟಿ

60 ತುಂಡು ಗುಜರಿ ರಾಶಿಗೆ ಹೋದವು. ಮಾಲೀಕರು ಮಾತಾಡಲಿಲ್ಲ. ಮಾತಾಡದಿದ್ದದ್ದೇ ಜಾಸ್ತಿ ಬೇಜಾರು ತಂದಿತು.

ಅಲ್ಲಿಯ ಹಿರಿಯ ಕೆಲಸಗಾರರ ತಂದೆ ಕಮ್ಮಾರರು. ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದರಂತೆ. ಪಟ್ಟಿಯ ಬಳೆಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಮರದ ಚಕ್ರದ ಮೇಲೆ ಇಳಿಸಿ, ನೀರು ಹುಯ್ದು ಬಿಗಿ ಮಾಡುವ ಕೆಲಸ. ಅವರು ಗುಜರಿಯಿಂದ ನಾಲ್ಕು ತುಂಡು ಎತ್ತಿಕೊಂಡು ಒಂದರ ಮೇಲೊಂದು ಇಟ್ಟರು. ಸಂದಿಲ್ಲದೆ ಕೂತವು. "ಇವು ನಾಲ್ಕೂ ಒಂದೇ ಥರ ಇದಾವಲ್ಲ ಸಾರ್, ಯಾಕೆ ಬೇಡ? ಚಕ್ರಕ್ಕೆ ನಾವು ಒಂದೇ ಪಟ್ಟಿ ಹಾಕ್ತಿದ್ವಿ. ಎರಡು ಗಾಡಿ ಚಕ್ರ ಒಂದೇ ಅಳತೆ ಇರ್ಬೇಕು ಅಂತ ಯಾರೂ ಕೇಳ್ತಿರ್ಲಿಲ್ಲ, ಒಂದು ಚಕ್ರ ಗುಂಡಗಿದ್ರೆ ಆಯ್ತು."

ನಾನು ಡ್ರಾಯಿಂಗ್ ತೆಗೆದು ನೋಡಿದೆ. 120ಕ್ಕಿಂತ ಕಮ್ಮಿ ಆಗಲೇಬಾರದು, ಅದು ಕೇಬಲ್ಲಿನ ಮಾತು. 150ಕ್ಕಿಂತ ಜಾಸ್ತಿ ಆದರೆ ಕೇಬಲ್ಲಿಗೆ ಇನ್ನೂ ಒಳ್ಳೆಯದೇ. 165ರವರೆಗೆ ಹೋದರೂ ಕಂಬದಲ್ಲಿ ಜಾಗ ಇದೆ. ಬೇಕಾಗಿದ್ದು ಎರಡೇ: ಬಾಗು ಉದ್ದಕ್ಕೂ ನಯವಾಗಿರಬೇಕು, ಒಂದು ಬ್ರಾಕೆಟ್ಟಿನ ನಾಲ್ಕು ಪಟ್ಟಿ ಒಂದಕ್ಕೊಂದು ಹೊಂದಬೇಕು. ±2 ಯಾರಿಗೂ ಬೇಕಿರಲಿಲ್ಲ. ಅದನ್ನು ಹೊಡೆದು ಹಾಕಿ "145ರಿಂದ 165, ನಾಲ್ಕೂ ಒಂದೇ ಪಟ್ಟಿಯದು" ಅಂತ ಬರೆದೆ. ಗುಜರಿಯ 60 ತುಂಡು ವಾಪಸ್ ಬಂದವು. ಫ್ರೇಮಿನ ತೋಳಿನಲ್ಲಿ ತೂತನ್ನು ಸ್ವಲ್ಪ ಉದ್ದ ಮಾಡಿದೆವು, ತ್ರಿಜ್ಯದ ವ್ಯತ್ಯಾಸವನ್ನು ಅದು ನುಂಗುತ್ತದೆ.

ಮುಂದಿನ ಆರ್ಡರುಗಳಿಗೆ ಅಚ್ಚನ್ನೂ ಬಿಟ್ಟೆವು. ಗ್ರಿಲ್ಲಿನ ಬಳೆ ಮಾಡುವ ಕೈತಿರುಗಿಸುವ ಮೂರು ರೋಲರಿನ ಮೆಷಿನ್ ಎಷ್ಟೋ ಅಂಗಡಿಯಲ್ಲಿ ಇರುತ್ತೆ ಅಲ್ವಾ, ಅದೇ ಸಾಕಾಯ್ತು. ಅದರಲ್ಲಿ ಸ್ಕ್ರೂ ತಿರುಗಿಸಿ ಬಾಗನ್ನು ಬಂಡಲ್ಲಿಗೆ ತಕ್ಕಂತೆ ಹೊಂದಿಸಬಹುದು. ಒಂದೇ ಕೊರತೆ, ಎರಡೂ ತುದಿ ನೇರ ಉಳಿಯುತ್ತದೆ. ಕೆಳಗಿನ ರೋಲರುಗಳ ನಡುವಿನ ಅಂತರ 200 ಇದ್ದರೆ ತುದಿಗೆ ಸುಮಾರು 100 ಎಂಎಂ ಬಗ್ಗೋದಿಲ್ಲ. ಆದ್ದರಿಂದ 850 ಎಂಎಂ ಪಟ್ಟಿ ತಗೊಂಡು, ಉರುಳಿಸಿ, ಎರಡೂ ತುದಿಯ ನೂರು ನೂರು ಕತ್ತರಿಸಿ ತೆಗೆದರೆ, ಉಳಿದದ್ದರಲ್ಲಿ 157ರ ನಾಲ್ಕು ತುಂಡು ಸರಿಯಾಗಿ ಸಿಗುತ್ತವೆ. ಒಂದು ಪಟ್ಟಿ, ಒಂದು ಬ್ರಾಕೆಟ್. 6 ಮೀಟರ್ ಉದ್ದದ ಫ್ಲಾಟಿನಲ್ಲಿ ಏಳು ಬ್ರಾಕೆಟ್. ಪೋಲಾಗುವ ತುದಿಗಳಿಂದ ಕಿವಿ ಮಾಡಿದೆವು.

ತುದಿ, ಸತು, ಟೈ

ಪೂರ್ತಿ ಬ್ರಾಕೆಟ್ ಜೋಡಿಸಿ ಮತ್ತೆ ಚಾಕ್ ಉಜ್ಜಿ ಕೇಬಲ್ ಸುತ್ತಿದಾಗ, ಪಟ್ಟಿಯ ನಡುವೆ ನೀಲಿ ನಯವಾಗಿ ಹರಡಿತ್ತು. ಆದರೆ ಪ್ರತಿ ಪಟ್ಟಿಯ ಎರಡೂ ತುದಿಯಲ್ಲಿ ದಪ್ಪ ಗೆರೆ. ಒಂದು ಪಟ್ಟಿಂದ ಇನ್ನೊಂದಕ್ಕೆ ಹಾರುವಾಗ ಕೇಬಲ್ ನೇರವಾಗುತ್ತದೆ, ಕತ್ತರಿಸಿದ ತುದಿ ಅದಕ್ಕೆ ಅಂಚಾಗಿ ನಿಲ್ಲುತ್ತದೆ. ಇಷ್ಟೆಲ್ಲ ಮಾಡಿ ಚೂಪು ಜಾಗವನ್ನು ಇಲ್ಲಿ ಬಿಟ್ಟಿದ್ದೆ. ಚಿಕ್ಕ ಜಿಗ್ ಮಾಡಿ ತುದಿಯ 15 ಎಂಎಂ ಅನ್ನು ಒಳಮುಖವಾಗಿ, ಎಲೆಯ ತುದಿ ಬಾಗಿದ ಹಾಗೆ, ಬಗ್ಗಿಸಿದೆವು. ಉದ್ದದ ಅಂಚುಗಳನ್ನು ಅರ ಹಾಕಿ ದುಂಡಗೆ ಮಾಡಿದೆವು.

ಬಣ್ಣ ಹೊಡೆದರೆ ಮಲೆನಾಡಿನ ಮಳೆಗೆ ಒಂದು ವರ್ಷ ನಿಲ್ಲೋದೂ ಕಷ್ಟ, ಅದಕ್ಕೆ ಹಾಟ್ ಡಿಪ್ ಗ್ಯಾಲ್ವನೈಸಿಂಗಿಗೆ ಕಳಿಸಿದೆವು. 450 ಡಿಗ್ರಿಯ ಸತುವಿನ ತೊಟ್ಟಿಯಿಂದ ಎತ್ತುವಾಗ ಸತು ಕೆಳಕ್ಕೆ ಇಳಿದು ತುದಿಯಲ್ಲಿ ಹನಿಯಾಗಿ ಗಟ್ಟಿಯಾಗುತ್ತದೆ, ಮುಳ್ಳಿನ ಹಾಗೆ. ಮೊದಲ ಸಲ ಆ ಹನಿಗಳು ಸರಿಯಾಗಿ ಕೇಬಲ್ ಕೂರುವ ಮುಖದಲ್ಲೇ ನಿಂತಿದ್ದವು. ಎರಡನೇ ಸಲ ಬ್ರಾಕೆಟ್ಟನ್ನು ಬೇರೆ ದಿಕ್ಕಿನಲ್ಲಿ ತೂಗುಹಾಕಲು ಹೇಳಿ, ಅದಕ್ಕಾಗಿಯೇ ಒಂದು ತೂತು ಕೊಟ್ಟೆವು. ತಪಾಸಣೆಗೆ ಹಳೇ ಪಂಚೆ ಬಟ್ಟೆ. ಪಟ್ಟಿಯ ಮೇಲೆ ಮೆಲ್ಲಗೆ ಎಳೆದರೆ ಎಲ್ಲಾದರೂ ನೂಲು ಸಿಕ್ಕಿಕೊಳ್ಳಬಾರದು. ಸಿಕ್ಕಿಕೊಂಡಲ್ಲಿ ಮುಳ್ಳನ್ನಷ್ಟೇ ಅರದಿಂದ ಸವರಬೇಕು, ಸತುವಿನ ಪದರವನ್ನಲ್ಲ.

ಮೊದಲ ಮಾರ್ಗದ 11 ಜಾಯಿಂಟ್ ಕಂಬಕ್ಕೆ ಹಾಕಿದ ಮೇಲೆ ರಾತ್ರಿ ಮತ್ತೆ ಒಟಿಡಿಆರ್. ಹತ್ತು ಕಡೆ 1550ರ ಮೆಟ್ಟಿಲು ಮಾಯವಾಗಿತ್ತು. ಹನ್ನೊಂದನೆಯದರಲ್ಲಿ ಹಾಗೇ ಇತ್ತು. ಬೆಳಿಗ್ಗೆ ಹತ್ತಿ ನೋಡಿದರೆ, ಬ್ರಾಕೆಟ್ ಚೆನ್ನಾಗಿದೆ, ಸುತ್ತೂ ಚೆನ್ನಾಗಿದೆ. ಆದರೆ ಗಾಳಿಗೆ ಅಲ್ಲಾಡಬಾರದು ಅಂತ ಲೈನ್‌ಮನ್ ಸಪೂರ ನೈಲಾನ್ ಟೈಯನ್ನು ಇಕ್ಕಳದಿಂದ ಎಳೆದು ಬಿಗಿದಿದ್ದ. ಅವನು ಶ್ರದ್ಧೆಯಿಂದಲೇ ಮಾಡಿದ್ದು. ಯಾಕೆ ಬಿಗಿಯಬಾರದು ಅಂತ ಯಾರೂ ಹೇಳಿರಲಿಲ್ಲ. ಟೈ ಕತ್ತರಿಸಿ, ಅಗಲದ ವೆಲ್ಕ್ರೋ ಪಟ್ಟಿ ಹಾಕಿ, ಕೆಳಗೆ ಬೆರಳು ತೂರುವಷ್ಟು ಸಡಿಲ ಬಿಡಿ ಅಂತ ಎಲ್ಲ ಲೈನ್‌ಮನ್‌ಗಳಿಗೂ ಕಂಬದ ಕೆಳಗೇ ತೋರಿಸಿದೆವು. ಆವತ್ತೇ ರಾತ್ರಿ ಅಲ್ಲೂ ಗೆರೆ ನೇರವಾಯ್ತು. ಈಗ ಪ್ರತಿ ಬ್ರಾಕೆಟ್ ಜೊತೆ ನಾಲ್ಕು ವೆಲ್ಕ್ರೋ ಪಟ್ಟಿಯನ್ನು ವರ್ಕ್‌ಶಾಪಿನಿಂದಲೇ ಕಟ್ಟಿ ಕಳಿಸುತ್ತಾರೆ. ಅದಕ್ಕೆ ಬೇರೆ ದುಡ್ಡು ತಗೊಳ್ಳಲ್ಲ.

ಹೋದ ವಾರ ಆಪರೇಟರ್ ಮತ್ತೆ ಬಂದಿದ್ದರು. ಮನೆಗಳಿಗೆ ಎಳೆಯುವ ಸಣ್ಣ ಕೇಬಲ್ಲಿಗೆ 40 ತ್ರಿಜ್ಯದ ಚಿಕ್ಕ ಬ್ರಾಕೆಟ್ ಬೇಕಂತೆ. 1000ವನ್ನು 40ರಿಂದ ಭಾಗಿಸಿದರೆ ಬಾಗು 25, ಅದಕ್ಕೆ 1.25 ಸೇರಿಸಿದರೆ ಅಚ್ಚು 38, ಈ ಸಲ ವಾಪಸ್ ಬರೋದು ಎರಡೇ ಎಂಎಂ. ಲೆಕ್ಕ ಹೇಳಿ ತಲೆ ಎತ್ತುವಷ್ಟರಲ್ಲಿ ಹಿರಿಯರು ಹೊಸ ಬಂಡಲಿನಿಂದ ಒಂದು ಪಟ್ಟಿ ಎಳೆದು, ಅಳತೆಗೆ ಅಂತ ಒಂದು ತುಂಡು ಕತ್ತರಿಸುತ್ತಿದ್ದರು.